ಸೋಂಕು ಕಳೆಯುವ ಮದ್ದುಗಳು: ಮನೆಯವರಿಗೆ ಒಂದು ಪಾಠ



2020ನೆಯ ಇಸವಿಯ ಬೇಸಿಗೆಯನ್ನು ನಮ್ಮ ಸೀಮೆಯವರು ಅಷ್ಟು ಬೇಗನೆ ಮರೆಯಲಾರರು. ಆ ವರುಷದ ಮಾರ್ಚ್ 11ನೆಯ ತಾರೀಖಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಕೊರೋನ ರೋಗವು ಲೋಕವನ್ನೆಲ್ಲಾ ವ್ಯಾಪಿಸಿದ ವ್ಯಾಧಿಯೆಂದು ಸಾರಿದರು. ಅದರ ಹಿಂದಿನ ದಿನವೇ ನಮ್ಮ ರಾಜ್ಯದ ಕಲಬುರಗಿಯ ಒಬ್ಬ ವೃದ್ಧರು ತೀರಿಹೋಗಿದ್ದರು. ಈ ದೇಶದಲ್ಲಿ ಆ ರೋಗದಿಂದಾದ ಮೊದಲನೆಯ ಮರಣವು ಅದೇ ಎಂದು ತರುವಾಯ ತಿಳಿದುಬಂದಿತು. ಮಾರ್ಚ್ 25ರಿಂದ ದೇಶವೆಲ್ಲಾ ಬಾಗಿಲು ಹಾಕಿಕೊಂಡಿತು. ಪಾಂಡವಪುರದಲ್ಲಿಯೂ ಶ್ರೀರಂಗಪಟ್ಟಣದಲ್ಲಿಯೂ ಬಸ್ಸುಗಳು ನಿಂತವು, ಸಂತೆಗಳು ನಿಂತವು, ಪ್ರಾರ್ಥನಾಲಯಗಳ ಗಂಟೆಗಳೂ ನಿಂತವು. ಮೇ ತಿಂಗಳಲ್ಲಿ ಮುಂಬಯಿಯಿಂದ ನಮ್ಮವರು ಹಿಂದಿರುಗತೊಡಗಿದರು. ಕೃಷ್ಣರಾಜಪೇಟೆ, ನಾಗಮಂಗಲ ಈ ತಾಲ್ಲೂಕುಗಳಿಂದ ಹೊಟ್ಟೆಪಾಡಿಗಾಗಿ ಆ ಪಟ್ಟಣಕ್ಕೆ ಹೋದವರು ಬಹು ಮಂದಿ ಎಂಬದು ನಿಮಗೆ ತಿಳಿದದ್ದೇ. ಅವರಲ್ಲಿ ಕೆಲವರಿಗೆ ರೋಗವು ಇರುವದೆಂದು ಪರೀಕ್ಷೆಯಿಂದ ಕಂಡುಬರಲಾಗಿ, ಮಂಡ್ಯ ಜಿಲ್ಲೆಯ ಹೆಸರು ದಿನಂಪ್ರತಿ ವರ್ತಮಾನಪತ್ರಗಳಲ್ಲಿ ಬರುತ್ತಿತ್ತು.

ಆ ದಿನಗಳಲ್ಲಿ ಪ್ರತಿ ಮನೆಯೊಳಗೂ ಮೂರು ನಾಲ್ಕು ಹೊಸ ಸೀಸೆಗಳು ಬಂದು ಸೇರಿದವು. ಫಿನಾಯಿಲು, ಬ್ಲೀಚಿಂಗ್ ಪುಡಿ, ಕಕ್ಕಸು ತೊಳೆಯುವ ಆಸಿಡ್, ಕೈಗೆ ಹಚ್ಚುವ ಸ್ಯಾನಿಟೈಸರ್ ಇವು ಇಲ್ಲದ ಮನೆಯೇ ಅಪರೂಪವಾಯಿತು. ವ್ಯಾಧಿಯ ತುರ್ತು ಸ್ಥಿತಿ ಮುಗಿಯಿತೆಂದು 2023ನೆಯ ಮೇ 5ರಂದು ಅದೇ ಸಂಸ್ಥೆಯವರು ಸಾರಿದರು. ಆದರೆ ಸೀಸೆಗಳು ಮಾತ್ರ ಮನೆಯಲ್ಲಿ ಉಳಿದುಕೊಂಡವು. ಅವುಗಳ ಸಂಗಡ ಬಂದ ಕೆಲವು ತಪ್ಪು ಎಣಿಕೆಗಳೂ ಉಳಿದುಕೊಂಡವು. ಈ ಎರಡನ್ನು ಕುರಿತು ತಿಳಿಯಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ಕ್ರಮವಾಗಿ ಹೇಳುವೆವು.

ಮೊದಲು ಒಂದು ದೃಷ್ಟಾಂತ. ಇದರಲ್ಲಿ ಊರಿಗೂ ಮನೆಗೂ ಹೆಸರು ಕೊಡುವದಿಲ್ಲ. ಯಾಕಂದರೆ ಇದನ್ನು ಹೋಲುವ ಸಂಗತಿಗಳು ಅನೇಕ ಊರುಗಳಲ್ಲಿ ನಡೆದವು. ಒಬ್ಬ ತಾಯಿಗೆ ಇಬ್ಬರು ಮಕ್ಕಳು. ಹಿರಿಯವನು ಊರಲ್ಲಿ ಬೇಸಾಯಗಾರ. ಕಿರಿಯವನು ಮುಂಬಯಿಯ ಹೋಟೇಲಿನಲ್ಲಿ ಕೆಲಸದವನು. ಕಿರಿಯವನು ಊರಿಗೆ ಬಂದು, ಸರಕಾರದವರು ಗೊತ್ತುಮಾಡಿದ ಕಟ್ಟಡದಲ್ಲಿ ಹದಿನಾಲ್ಕು ದಿನ ಪ್ರತ್ಯೇಕವಾಗಿದ್ದು, ರೋಗವಿಲ್ಲವೆಂದು ಚೀಟಿ ಪಡಕೊಂಡು ಮನೆಯ ಬೀದಿಗೆ ಬಂದನು. ಹಿರಿಯ ಸೊಸೆಗೆ ಎರಡು ವರುಷದ ಮಗುವಿದ್ದ ಕಾರಣ ತಾಯಿಯ ಮನಸ್ಸಿನಲ್ಲಿ ಭಯ. ಆಕೆಯೇ ಬೀದಿಯ ಹುಡುಗರನ್ನು ಕರೆದು, “ಒಳಕ್ಕೆ ಬರುವದಕ್ಕೆ ಮುಂಚೆ ಇವನ ಮೇಲೆ ಮದ್ದು ಹೊಡೆಯಿರಪ್ಪಾ” ಅಂದಳು. ಅವರು ಬೆಳೆಗೆ ಔಷಧಿ ಹೊಡೆಯುವ ಪಂಪಿನಲ್ಲಿ ಬ್ಲೀಚಿಂಗ್ ನೀರನ್ನು ತುಂಬಿ, ತಲೆಯಿಂದ ಕಾಲಿನ ವರೆಗೆ ಅವನನ್ನು ತೋಯಿಸಿದರು. ಅವನು ಕಣ್ಣು ಮುಚ್ಚಿಕೊಂಡು ಬಾಗಿಲ ಕಲ್ಲಿನ ಮೇಲೆ ಕೂತು, “ಅವ್ವಾ, ನಾನೇನು ಬಚ್ಚಲ ಕಲ್ಲೇ?” ಎಂದು ಕೇಳಿದನು. ತಾಯಿಗೆ ಉತ್ತರ ತೋಚಲಿಲ್ಲ. ಕಣ್ಣುರಿ ಮೂರು ದಿನಕ್ಕೆ ವಾಸಿಯಾಯಿತು. ಆ ಮಾತಿನ ಉರಿ ವಾಸಿಯಾಗುವದಕ್ಕೆ ಎಷ್ಟು ದಿನ ಹಿಡಿಯಿತೋ ತಾಯಿಯೇ ಬಲ್ಲಳು. ಈ ಮನೆಯ ಕಥೆಯ ಉಳಿದ ಭಾಗವನ್ನು ಮುಂದೆ ಹೇಳುವೆವು.

1. ರೋಗವು ಬರುವ ದಾರಿಯನ್ನು ಮೊದಲು ತಿಳಿಯಬೇಕು

ಕಳ್ಳನು ಹಿತ್ತಲಿಂದ ಬರುವಾಗ ತಲೆಬಾಗಿಲಿಗೆ ಎರಡು ಬೀಗ ಹಾಕಿದರೆ ಪ್ರಯೋಜನವೇನು? ರೋಗದ ವಿಷಯದಲ್ಲಿ ಮನುಷ್ಯರು ಅನೇಕಾವರ್ತಿ ಹೀಗೆಯೇ ಮಾಡಿದ್ದಾರೆ. ಇದಕ್ಕೆ ದೂರದ ಸಾಕ್ಷಿ ಬೇಡ. ನಮ್ಮ ಸೀಮೆಯ ಚರಿತ್ರೆಯೇ ಸಾಕು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರ ದಂಡು ಆ ದ್ವೀಪದಲ್ಲಿ ನೆಲಸಿತು. ಚಳಿಜ್ವರವು ಸಿಪಾಯಿಗಳನ್ನು ಬಹಳವಾಗಿ ಕಾಡಿದ್ದರಿಂದ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಆ ಕಾಲದ ಪಂಡಿತರು ಜೌಗುನೆಲದ ಕೆಟ್ಟ ಗಾಳಿಯಿಂದಲೂ ದುರ್ವಾಸನೆಯಿಂದಲೂ ಜ್ವರವು ಹುಟ್ಟುವದೆಂದು ನಂಬಿದ್ದರು. ಮಲೇರಿಯ ಎಂಬ ಹೆಸರಿಗೇ ಕೆಟ್ಟ ಗಾಳಿಯೆಂದು ಅರ್ಥ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಆ ಜ್ವರದ ಜೀವಾಣುವನ್ನು ಕಂಡರು. ವಾಸನೆಯನ್ನು ಓಡಿಸಿದ್ದರಿಂದ ಸೊಳ್ಳೆಯು ಓಡಿರಲಿಲ್ಲ.

ಅದಾದ ಮರುವರುಷವೇ, ಅಂದರೆ 1898ರಲ್ಲಿ, ಪ್ಲೇಗೆಂಬ ಮಾರಿಯು ಬೆಂಗಳೂರಿಗೆ ಬಂದು ಮೈಸೂರು ಸೀಮೆಯಲ್ಲಿ ಹಬ್ಬಿತು. ಅದಕ್ಕಿಂತ ಮೊದಲು ಮುಂಬಯಿಯಲ್ಲಿ ಅಧಿಕಾರಿಗಳು ರೋಗಿಗಳ ಮನೆಗಳನ್ನು ಹೊಕ್ಕು, ನೆಲಗೋಡೆಗಳಿಗೆ ಉಗ್ರವಾದ ಮದ್ದುಗಳನ್ನು ಎರಚಿಸಿ ಸುಣ್ಣ ಬಳಿಸಿದ್ದರು. ಬಿಸಿಲು ಬೀಳಲೆಂದು ಮಾಡಿನ ಹೆಂಚುಗಳನ್ನೂ ತೆಗೆಸಿದ್ದರು. ಜನರು ರೋಗಕ್ಕೆ ಅಂಜಿದಷ್ಟೇ ಈ ಶೋಧನೆಗೂ ಅಂಜಿದರು. ಆದರೆ ರೋಗವು ನೆಲದಲ್ಲಿರಲಿಲ್ಲ. 1898ರಲ್ಲಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು, ಸತ್ತ ಇಲಿಯ ಮೈಮೇಲಿಂದ ಹಾರಿಬರುವ ಚಿಗಟವೇ ಈ ರೋಗವನ್ನು ಹೊತ್ತು ತರುವದೆಂದು ತೋರಿಸಿದರು. ಇದನ್ನು ಪಂಡಿತರೆಲ್ಲರೂ ಒಪ್ಪುವದಕ್ಕೆ ಇನ್ನೂ ಕೆಲವು ವರುಷಗಳು ಹಿಡಿದವು. ನಮ್ಮ ಹಳ್ಳಿಗಳ ಹಿರಿಯರು ಚಿಗಟದ ಸಂಗತಿಯನ್ನು ಅರಿಯರು. ಆದರೂ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂಬದನ್ನು ಅನುಭವದಿಂದ ಕಲಿತರು. ಮದ್ದಿನ ಪಾತ್ರೆಯನ್ನು ಹಿಡಿದವರಿಗಿಂತ ಬಿದ್ದ ಇಲಿಯನ್ನು ನೋಡಿ ನಡೆದವರೇ ಈ ವಿಷಯದಲ್ಲಿ ಹೆಚ್ಚು ಕ್ಷೇಮವಾಗಿದ್ದರು.

ಕೊರೋನ ರೋಗದ ದಾರಿಯಾದರೂ ಯಾವದು? ಮೊದಮೊದಲು ಅದು ಮುಟ್ಟಿದ ಸಾಮಾನುಗಳಿಂದ ಬಹಳವಾಗಿ ಹರಡುವದೆಂದು ಅನೇಕರು ಅಂಜಿದರು. ಆದಕಾರಣ ಹಾಲಿನ ಪೊಟ್ಟಣವನ್ನೂ ರೂಪಾಯಿ ನೋಟನ್ನೂ ತೊಳೆದರು. ಪರೀಕ್ಷೆಗಳು ನಡೆದ ಹಾಗೆಲ್ಲಾ, ರೋಗಿಯ ಉಸಿರು, ಕೆಮ್ಮು, ಮಾತು ಇವುಗಳಿಂದ ಗಾಳಿಯಲ್ಲಿ ಸೇರುವ ಸಣ್ಣ ತುಂತುರುಗಳೇ ಮುಖ್ಯವಾದ ದಾರಿಯೆಂದು ತಿಳಿದುಬಂತು. ಅಮೇರಿಕ ದೇಶದ ರೋಗನಿಯಂತ್ರಣ ಇಲಾಖೆಯವರು 2021ನೆಯ ಏಪ್ರಿಲಿನಲ್ಲಿ, ಸೋಂಕು ತಗಲಿದ ಸಾಮಾನನ್ನು ಒಂದಾವರ್ತಿ ಮುಟ್ಟಿದ್ದರಿಂದ ರೋಗವು ಅಂಟುವ ಸಂಭವವು ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತಲೂ ಕಡಮೆ ಎಂದು ಬರೆದರು. ಹೀಗಿರಲಾಗಿ, ಕಿಟಕಿಗಳನ್ನು ಮುಚ್ಚಿ, ನಡುಮನೆಯಲ್ಲಿ ಇಪ್ಪತ್ತು ಮಂದಿ ಮುಖಕ್ಕೆ ಬಟ್ಟೆಯಿಲ್ಲದೆ ಕೂತು, ನೆಲಕ್ಕೆ ಮಾತ್ರ ಮೂರು ಸಾರಿ ಫಿನಾಯಿಲು ಹಾಕಿದವರು ಯಾವ ಬಾಗಿಲಿಗೆ ಬೀಗ ಹಾಕಿದಂತಾಯಿತು? ನಮ್ಮ ಪ್ರಾರ್ಥನಾಲಯಗಳಿಗೂ ಈ ಮಾತು ಸಲ್ಲುವದು. 2020ನೆಯ ಜೂನ್ 8ರಿಂದ ಆರಾಧನಾಸ್ಥಳಗಳನ್ನು ತೆರೆಯಬಹುದೆಂದು ಅಪ್ಪಣೆಯಾದಾಗ ಬೆಂಚುಗಳನ್ನು ಒರಸುವದರಲ್ಲಿ ನಮ್ಮವರು ಬಹಳ ಶ್ರಮಪಟ್ಟರು. ಅದು ತಪ್ಪಲ್ಲ. ಆದರೆ ಬೆಂಚನ್ನು ಒರಸಿದ ಕೈಯೇ ಕಿಟಕಿಯನ್ನೂ ತೆರೆದಿದ್ದರೆ ಪ್ರಯೋಜನವು ಹೆಚ್ಚಾಗಿರುತ್ತಿತ್ತು.

2. ತೊಳೆಯುವದು ಬೇರೆ, ಸೋಂಕು ಕಳೆಯುವದು ಬೇರೆ

ಈ ಎರಡು ಕೆಲಸಗಳನ್ನು ಒಂದೇ ಎಂದು ಎಣಿಸಬಾರದು. ತೊಳೆಯುವದೆಂದರೆ ಕೊಳೆಯನ್ನೂ ಅದರ ಸಂಗಡ ರೋಗಾಣುಗಳನ್ನೂ ನೀರಿನಿಂದಲೂ ಸಾಬೂನಿನಿಂದಲೂ ತೆಗೆದುಹಾಕುವದು. ಸೋಂಕು ಕಳೆಯುವದೆಂದರೆ ಉಳಿದ ರೋಗಾಣುಗಳನ್ನು ಮದ್ದಿನಿಂದ ಕೊಲ್ಲುವದು. ಮೊದಲನೆಯದಿಲ್ಲದೆ ಎರಡನೆಯದು ನಿಲ್ಲದು. ಮಣ್ಣು, ಎಣ್ಣೆ, ಸೆಗಣಿ ಇವುಗಳ ಮೇಲೆ ಬ್ಲೀಚಿಂಗ್ ನೀರನ್ನು ಹಾಕಿದರೆ ಮದ್ದಿನ ಶಕ್ತಿಯು ಆ ಕೊಳೆಯಲ್ಲಿಯೇ ವ್ಯಯವಾಗುವದು. ರೋಗಾಣುವಿಗೆ ಏನೂ ಮಿಕ್ಕದು. ಆದ್ದರಿಂದ ಮೊದಲು ಗುಡಿಸಿ, ತೊಳೆದು, ತರುವಾಯ ಬೇಕಾದರೆ ಮದ್ದು ಹಾಕತಕ್ಕದ್ದು.

ಸಾಬೂನು ಅಲ್ಪವಾದ ಪದಾರ್ಥವೆಂದು ನೆನಸಬೇಡಿರಿ. ಕೊರೋನ ರೋಗಾಣುವಿನ ಸುತ್ತಲೂ ಕೊಬ್ಬಿನ ತೆಳುವಾದ ಹೊದಿಕೆ ಉಂಟು. ಬೆಣ್ಣೆ ಮೆತ್ತಿದ ಪಾತ್ರೆಯು ಬರೀ ನೀರಿನಿಂದ ಶುದ್ಧವಾಗದೆ ಸಾಬೂನಿನಿಂದ ಶುದ್ಧವಾಗುವದು ಹೇಗೋ, ಹಾಗೆಯೇ ಸಾಬೂನಿನ ನೊರೆಯು ಆ ಹೊದಿಕೆಯನ್ನು ಒಡೆದು ರೋಗಾಣುವನ್ನು ನಾಶಮಾಡುವದು. ಆದರೆ ಅವಸರದಿಂದ ಬೆರಳ ತುದಿಗಳನ್ನು ಮಾತ್ರ ತೋಯಿಸಿದರೆ ಸಾಲದು. ಅಂಗೈ, ಮುಂಗೈ, ಬೆರಳ ಸಂದುಗಳು, ಉಗುರುಗಳು ಇವನ್ನೆಲ್ಲಾ ಕಡಮೆಯೆಂದರೆ ಇಪ್ಪತ್ತು ಸೆಕೆಂಡುಗಳ ವರೆಗೆ ತಿಕ್ಕಬೇಕು. ಹತ್ತು ರೂಪಾಯಿಯ ಸಾಬೂನು ಮನುಷ್ಯನ ಕೈಗೆ ಮಾಡುವ ಉಪಕಾರವನ್ನು ನೂರು ರೂಪಾಯಿಯ ಫಿನಾಯಿಲು ಮಾಡಲಾರದು.

ಸೆಗಣಿ ಸಾರಿಸಿದರೆ ಸೋಂಕು ಹೋಗುವದೆಂದು ಹೇಳುವವರು ಈಗಲೂ ಇದ್ದಾರೆ. ಮಣ್ಣಿನ ನೆಲದ ಧೂಳು ಅಡಗುವದಕ್ಕೆ ಸೆಗಣಿಯು ಸಹಾಯಮಾಡುವದು ನಿಜ. ಆದರೆ ಅದು ರೋಗಾಣುಗಳನ್ನು ಕೊಲ್ಲುವ ಮದ್ದಲ್ಲ. ಧನುರ್ವಾಯುವಿನ ಬೀಜಗಳು ಅದರಲ್ಲಿಯೇ ಇರಬಹುದು. ಆದಕಾರಣ ಗಾಯಕ್ಕಾಗಲಿ ಕೂಸಿನ ಹೊಕ್ಕುಳಿಗಾಗಲಿ ಅದನ್ನು ಎಂದಿಗೂ ಮುಟ್ಟಿಸಬಾರದು.

3. ಬ್ಲೀಚಿಂಗ್ ಪುಡಿಯೂ ಅದರ ಅಳತೆಯೂ

ಶ್ರೀರಂಗಪಟ್ಟಣವು ಬಿದ್ದ ಅದೇ 1799ರಲ್ಲಿ, ಸ್ಕಾಟ್ಲೆಂಡ್ ದೇಶದ ಚಾರ್ಲ್ಸ್ ಟೆನ್ನಂಟ್ ಎಂಬವನು ಸುಣ್ಣಕ್ಕೆ ಕ್ಲೋರೀನ್ ಎಂಬ ಅನಿಲವನ್ನು ಹೀರಿಸಿ ಪುಡಿಮಾಡುವ ಹಕ್ಕನ್ನು ಪಡೆದನು. ಇದೇ ಬ್ಲೀಚಿಂಗ್ ಪುಡಿ. ಮೊದಲು ಇದನ್ನು ಬಟ್ಟೆ ಬಿಳುಪುಮಾಡುವದಕ್ಕೆ ಮಾತ್ರ ಉಪಯೋಗಿಸುತ್ತಿದ್ದರು. 1847ರಲ್ಲಿ ವಿಯೆನ್ನ ಪಟ್ಟಣದ ಹೆರಿಗೆಯ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ವೈದ್ಯರು ಬಾಣಂತಿಯರನ್ನು ಮುಟ್ಟುವದನ್ನು ಕಂಡು, ಈ ಪುಡಿಯನ್ನು ಕರಗಿಸಿದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆಮಾಡಿದರು. 1846ರಲ್ಲಿ ಆ ವಿಭಾಗದಲ್ಲಿ ನೂರಕ್ಕೆ ಸುಮಾರು 11 ಮಂದಿ ತಾಯಂದಿರು ಸಾಯುತ್ತಿದ್ದರು. 1848ರಲ್ಲಿ ಆ ಸಂಖ್ಯೆಯು ಎರಡಕ್ಕಿಂತ ಕೆಳಗಿಳಿಯಿತು. ಹಾಗಾದರೆ ನಾವೂ ಆ ನೀರಿನಲ್ಲಿ ಕೈ ತೊಳೆಯಬಹುದೇ ಎಂದು ಕೇಳುವಿರಿ. ಬೇಡ. ಅದು ಚರ್ಮವನ್ನು ಸುಡುವದು, ಕಣ್ಣಿಗೆ ಅಪಾಯಕರ. ನಮಗೆ ಸಾಬೂನು ಇರುವಾಗ ಕೈಗೆ ಅದೇ ಸಾಕು.

ಆಲೆಮನೆಯಲ್ಲಿ ಕೆಲಸಮಾಡಿದವರಿಗೆ ಅಳತೆಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣವನ್ನು ಹದವಾಗಿ ಹಾಕಿದರೆ ಮಡ್ಡಿಯು ಬೇರೆಯಾಗಿ ಬೆಲ್ಲವು ಚೆನ್ನಾಗಿ ಕಟ್ಟುವದು. ಹೆಚ್ಚಾದರೆ ಬೆಲ್ಲದ ಬಣ್ಣವೂ ರುಚಿಯೂ ಕೆಡುವವು. ಬ್ಲೀಚಿಂಗ್ ಪುಡಿಯೂ ಹಾಗೆಯೇ. ಅಂಗಡಿಯ ಒಳ್ಳೇ ಪುಡಿಯಲ್ಲಿ ನೂರಕ್ಕೆ 25ರಿಂದ 33ರಷ್ಟು ಕ್ಲೋರೀನಿನ ಶಕ್ತಿಯಿರುವದು. ಈ ಲೆಕ್ಕದ ಮೇಲೆ ಕೆಳಗಿನ ಅಳತೆಗಳನ್ನು ಕೊಡುತ್ತೇವೆ.

ಕುಡಿಯುವ ನೀರಿಗೆ: 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಪುಡಿ. ಅದನ್ನು ಮೊದಲು ಒಂದು ಬಕೀಟಿನ ನೀರಿನಲ್ಲಿ ಕಲಸಿ, ಸುಣ್ಣವು ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮಾತ್ರ ತೊಟ್ಟಿಗೆ ಹಾಕಬೇಕು. ಒಂದು ಗಂಟೆಯಾದ ಮೇಲೆ ಕುಡಿಯಬಹುದು.

ನೆಲ, ಬಾಗಿಲ ಚಿಲಕ, ಕಕ್ಕಸು ಇವುಗಳಿಗೆ: 10 ಲೀಟರಿನ ಒಂದು ಬಕೀಟು ನೀರಿಗೆ 30ರಿಂದ 40 ಗ್ರಾಂ ಪುಡಿ. ಹತ್ತು ನಿಮಿಷ ಬಿಟ್ಟು ತರುವಾಯ ಬರೀ ನೀರಿನಿಂದ ಒರಸಬೇಕು.

ವಾಂತಿ, ಭೇದಿ, ರಕ್ತ ಬಿದ್ದ ಸ್ಥಳಕ್ಕೆ: ಮೊದಲು ಹಳೇ ಬಟ್ಟೆಯಿಂದ ಬಾಚಿ ತೆಗೆದು, ಒಂದು ಲೀಟರ್ ನೀರಿಗೆ 15ರಿಂದ 20 ಗ್ರಾಂ ಪುಡಿ ಕಲಸಿ ಹಾಕತಕ್ಕದ್ದು.

ಇವುಗಳನ್ನು ಹೋಲಿಸಿ ನೋಡಿರಿ. ನೆಲಕ್ಕೆ ಹಾಕುವ ನೀರು ಕುಡಿಯುವ ನೀರಿಗಿಂತ ಸಾವಿರ ಪಾಲಿಗೂ ಮೇಲ್ಪಟ್ಟು ಉಗ್ರವಾದದ್ದು. ಒಂದೇ ಡಬ್ಬಿಯ ಪುಡಿಯು ಅಳತೆಯಿಂದ ಜೀವಜಲವನ್ನು ಕಾಯುವದು, ಅಳತೆ ತಪ್ಪಿದರೆ ಗಂಟಲನ್ನು ಸುಡುವದು. ಆದಕಾರಣ ಸೊಪ್ಪು, ತರಕಾರಿ, ಹಣ್ಣು ಇವುಗಳನ್ನು ನೆಲಕ್ಕೆ ಮಾಡಿದ ಬ್ಲೀಚಿಂಗ್ ನೀರಿನಲ್ಲಿ ನೆನೆಹಾಕಬಾರದು. ಹರಿಯುವ ಒಳ್ಳೇ ನೀರಿನಲ್ಲಿ ತೊಳೆದರೆ ಸಾಕು. ಪುಡಿಯ ಚೀಲವನ್ನು ಬಿಸಿಲಿನಲ್ಲಿಯೂ ತೇವದಲ್ಲಿಯೂ ಬಾಯಿ ತೆರೆದು ಇಟ್ಟರೆ ಶಕ್ತಿಯು ಹೊರಟುಹೋಗಿ ಬರೀ ಸುಣ್ಣವು ಉಳಿಯುವದು. ಅಂಥ ಹಳೇ ಪುಡಿಯನ್ನು ಬೀದಿಯ ಅಂಚಿಗೆ ಬಿಳಿ ಗೆರೆಯಂತೆ ಚೆಲ್ಲಿದ್ದರಿಂದ ಕಣ್ಣಿಗೆ ಸಮಾಧಾನವಾದೀತು, ರೋಗಕ್ಕೆ ಏನೂ ಆಗದು.

4. ಕೂಡಿಸಬಾರದ ಮದ್ದುಗಳು

ಒಂದು ಮದ್ದು ಒಳ್ಳೇದಾದರೆ ಎರಡು ಕೂಡಿಸಿದರೆ ಇನ್ನೂ ಒಳ್ಳೇದೆಂಬ ಎಣಿಕೆಯು ಬಹಳ ಅಪಾಯಕರವಾದದ್ದು. ಬ್ಲೀಚಿಂಗ್ ಪುಡಿಗೆ ಕಕ್ಕಸಿನ ಆಸಿಡ್ ಸೇರಿದರೆ ಕ್ಲೋರೀನ್ ಅನಿಲವು ಹೊಗೆಯಾಗಿ ಏಳುವದು. ಇದು ಎಂಥದು ಬಲ್ಲಿರಾ? ಮೊದಲನೆಯ ಮಹಾಯುದ್ಧದಲ್ಲಿ, 1915ನೆಯ ಏಪ್ರಿಲ್ 22ರಂದು, ಬೆಲ್ಜಿಯಂ ದೇಶದ ಈಪ್ರ ಎಂಬ ಊರಿನ ಬಳಿ ಜರ್ಮನಿಯವರು ಶತ್ರುಗಳ ಮೇಲೆ ಬಿಟ್ಟ ವಿಷಗಾಳಿ ಇದೇ. ಬಾಗಿಲು ಹಾಕಿದ ಇಕ್ಕಟ್ಟಾದ ಕಕ್ಕಸಿನೊಳಗೆ ಈ ಎರಡನ್ನು ಒಟ್ಟಿಗೆ ಸುರಿಯುವವರು ತಮಗೆ ತಿಳಿಯದೆ ಆ ಗಾಳಿಯನ್ನೇ ಮಾಡಿಕೊಳ್ಳುತ್ತಾರೆ.

ಹುಣಿಸೇಹಣ್ಣು, ನಿಂಬೇಹುಳಿ ಇವುಗಳ ಸಂಗಡವೂ ಬ್ಲೀಚಿಂಗ್ ಸೇರಬಾರದು. ಯಾಕಂದರೆ ಹುಳಿಯೆಲ್ಲವೂ ಒಂದು ಬಗೆಯ ಆಸಿಡೇ. ದನದ ಕೊಟ್ಟಿಗೆಯಲ್ಲಿ ಗಂಜಲವು ನಿಂತಿರುವಾಗ ಅದರ ಮೇಲೆ ಪುಡಿಯನ್ನು ಚೆಲ್ಲಬಾರದು. ಗಂಜಲದಲ್ಲಿ ಹುಟ್ಟುವ ಅಮೋನಿಯವು ಕ್ಲೋರೀನಿನೊಂದಿಗೆ ಕೂಡಿ ಕಣ್ಣನ್ನೂ ಎದೆಯನ್ನೂ ಉರಿಸುವ ಬೇರೊಂದು ಅನಿಲವಾಗುವದು. ಮೊದಲು ನೀರು ಹೊಡೆದು ಗಂಜಲವನ್ನು ಸಾಗಿಸಿ, ದನಗಳನ್ನು ಹೊರಗೆ ಕಟ್ಟಿ, ಆಮೇಲೆ ಬೇಕಾದರೆ ಮದ್ದು ಹಾಕಿರಿ. ಹೀಗೆ ಎಂದಾದರೂ ಕೆಟ್ಟ ಹೊಗೆ ಎದ್ದರೆ ಏನನ್ನೂ ಶುದ್ಧಮಾಡಲು ನಿಲ್ಲದೆ, ತಕ್ಷಣವೇ ಬಯಲಿನ ಗಾಳಿಗೆ ಬರತಕ್ಕದ್ದು. ಎದೆ ಹಿಡಿದಂತಾದರೆ ಆಸ್ಪತ್ರೆಗೆ ಹೋಗಲೇಬೇಕು.

ಬೆಳೆಗೆ ವಿಷ ಹೊಡೆದ ಪಂಪಿನಲ್ಲಿ ಮನೆಯ ಮದ್ದನ್ನು ತುಂಬುವದೂ ಕೂಡದು. ಎಷ್ಟು ತೊಳೆದರೂ ಆ ಪಂಪಿನೊಳಗೆ ವಿಷದ ಅಂಶವು ಉಳಿದಿರುವದು.

5. ಸೀಸೆಯೂ ಮಗುವೂ

ಈಗ ಮೇಲೆ ಹೇಳಿದ ಮನೆಗೆ ಹಿಂದಿರುಗೋಣ. ಅಂಗಡಿಯಲ್ಲಿ ಬಿಡಿಯಾಗಿ ಅಳೆದುಕೊಡುವ ಫಿನಾಯಿಲನ್ನು ಆ ತಾಯಿ ಹಣ್ಣಿನ ಪಾನಕದ ಖಾಲಿ ಬಾಟಲಿಯಲ್ಲಿ ತುಂಬಿಸಿ ತಂದು, ಬಚ್ಚಲ ಗೂಡಿನಲ್ಲಿಟ್ಟಿದ್ದಳು. ಒಂದು ಮಧ್ಯಾಹ್ನ ಹಿರಿಯವನೂ ಸೊಸೆಯೂ ಕಬ್ಬಿನ ಗದ್ದೆಗೆ ಹೋಗಿದ್ದರು. ಎರಡು ವರುಷದ ಮಗು ಬಣ್ಣದ ಚೀಟಿಯನ್ನು ಗುರುತಿಸಿ, ಬಾಟಲಿಯನ್ನೆತ್ತಿ ಬಾಯಿಗೆ ಇಟ್ಟುಕೊಂಡಿತು. ಅದರ ಕೆಮ್ಮನ್ನು ಕೇಳಿ ಮೊದಲು ಓಡಿಬಂದವನು ಆ ಕಿರಿಯ ಮಗನೇ. ನೆರೆಯವರಲ್ಲಿ ಒಬ್ಬರು ಉಪ್ಪುನೀರು ಕುಡಿಸಿ ಕಕ್ಕಿಸಿರೆಂದರು, ಮತ್ತೊಬ್ಬರು ಹಾಲು ಹಾಕಿರೆಂದರು. ಅವನು ಹೋಟೇಲಿನಲ್ಲಿ ಇಂಥದನ್ನು ಒಮ್ಮೆ ಕಂಡಿದ್ದವನಾದ್ದರಿಂದ ಎರಡನ್ನೂ ಮಾಡಗೊಡಲಿಲ್ಲ. ಮಗುವಿನ ಬಾಯನ್ನು ಒದ್ದೆ ಬಟ್ಟೆಯಿಂದ ಒರಸಿ, ಬಾಟಲಿಯನ್ನೂ ಕೈಯಲ್ಲಿ ಹಿಡಿದು, ನೆರೆಯವನ ಬೈಕಿನ ಹಿಂದೆ ಕೂತು ಆಸ್ಪತ್ರೆಗೆ ಹೋದನು. ಮಗು ಎರಡು ರಾತ್ರಿ ಅಲ್ಲಿದ್ದು ಬದುಕಿಕೊಂಡಿತು. ಯಾವನಿಂದ ಮಗುವಿಗೆ ಕೇಡು ಬರುವದೆಂದು ತಾಯಿ ಅಂಜಿದ್ದಳೋ, ಅವನ ಕೈಯಿಂದಲೇ ಮಗುವು ಉಳಿಯಿತು. ಯಾವ ಮದ್ದನ್ನು ನಂಬಿದ್ದಳೋ ಅದರಿಂದಲೇ ಅಪಾಯವು ಬಂದಿತು.

ಇದರಿಂದ ಕಲಿಯಬೇಕಾದದ್ದು ಸ್ಪಷ್ಟವಾಗಿದೆ. ಕುಡಿಯುವ ಪದಾರ್ಥದ ಬಾಟಲಿಯಲ್ಲಿ ಯಾವ ಮದ್ದನ್ನೂ ಎಂದಿಗೂ ಇಡಬಾರದು. ಮದ್ದುಗಳು ತಮ್ಮ ಸ್ವಂತ ಡಬ್ಬಿಯಲ್ಲಿ, ಚೀಟಿ ಸಹಿತವಾಗಿ, ಮಕ್ಕಳ ಕೈಗೆಟಕದ ಎತ್ತರದಲ್ಲಿ ಬೀಗದೊಳಗೆ ಇರಬೇಕು. ಮಗುವು ಕುಡಿದುಬಿಟ್ಟರೆ ಕಕ್ಕಿಸಬೇಡಿರಿ. ಯಾಕಂದರೆ ಒಳಗೆ ಹೋಗುವಾಗ ಸುಟ್ಟದ್ದು ಹೊರಗೆ ಬರುವಾಗ ಇನ್ನೊಂದಾವರ್ತಿ ಸುಡುವದಲ್ಲದೆ, ಶ್ವಾಸಕೋಶದೊಳಕ್ಕೂ ಇಳಿಯಬಹುದು. 108ಕ್ಕೆ ಕರೆಮಾಡಿ, ಕುಡಿದ ಸೀಸೆಯನ್ನೂ ಸಂಗಡ ತೆಗೆದುಕೊಂಡು ಆಸ್ಪತ್ರೆಗೆ ಹೋಗಿರಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷಗಳ ವರೆಗೆ ಶುದ್ಧವಾದ ನೀರನ್ನು ಮೆಲ್ಲಗೆ ಹಾಕುತ್ತಿರಬೇಕು.

ಸ್ಯಾನಿಟೈಸರ್ ಎಂಬದು ಸಾರಾಯಿಯ ಸಾರವಾಗಿದೆ. ನೀರು ಸಾಬೂನು ಸಿಕ್ಕದ ಸ್ಥಳದಲ್ಲಿ ಅದರ ಪ್ರಯೋಜನವುಂಟು. ಮನೆಯಲ್ಲಿ ಸಾಬೂನಿರುವಾಗ ಅದರ ಅಗತ್ಯವಿಲ್ಲ. ಅದನ್ನು ಹಚ್ಚಿಕೊಂಡ ಕೈ ಒಣಗುವ ಮೊದಲೇ ಒಲೆಯ ಬಳಿಗೆ ಹೋಗಬಾರದು, ಬೆಂಕಿ ಹತ್ತೀತು. ಅದನ್ನು ಕುಡಿಯುವವರೂ ಇದ್ದಾರೆಂಬದು ದುಃಖದ ಸಂಗತಿ. 2020ನೆಯ ಜುಲೈ ಕೊನೆಯಲ್ಲಿ ಆಂಧ್ರ ಪ್ರದೇಶದ ಪ್ರಕಾಶಂ ಜಿಲ್ಲೆಯ ಕುರಿಚೇಡು ಎಂಬ ಊರಿನಲ್ಲಿ, ಹೆಂಡದಂಗಡಿಗಳು ಮುಚ್ಚಿದ್ದರಿಂದ ಸ್ಯಾನಿಟೈಸರನ್ನು ಕುಡಿದು ಹತ್ತಕ್ಕೆ ಕಡಮೆಯಿಲ್ಲದಷ್ಟು ಮಂದಿ ಸತ್ತರು. ಕುಡಿತಕ್ಕೆ ಸಿಕ್ಕಿಬಿದ್ದವರಿರುವ ಮನೆಯಲ್ಲಿ ಈ ಸೀಸೆಯನ್ನು ಬಹು ಜಾಗ್ರತೆಯಿಂದ ಇಡತಕ್ಕದ್ದು.

6. ಮನಸ್ಸಿನ ಸಂಗತಿ

ಇಂಥ ತಪ್ಪುಗಳನ್ನು ಹಳ್ಳಿಯ ಓದಿಲ್ಲದವರು ಮಾತ್ರ ಮಾಡುವರೆಂದು ಯಾರೂ ನಗಬಾರದು. 2020ನೆಯ ಮೇ ತಿಂಗಳಲ್ಲಿ ಅಮೇರಿಕ ದೇಶದಲ್ಲಿ 502 ಮಂದಿ ದೊಡ್ಡವರನ್ನು ವಿಚಾರಿಸಿದಾಗ, ನೂರಕ್ಕೆ 39 ಮಂದಿ ಮಾಡಬಾರದ ಅಪಾಯಕರವಾದ ಕೆಲಸ ಒಂದನ್ನಾದರೂ ಮಾಡಿದ್ದರು. ಕೆಲವರು ತರಕಾರಿಗಳನ್ನು ಬ್ಲೀಚಿನಲ್ಲಿ ತೊಳೆದಿದ್ದರು, ಕೆಲವರು ಮನೆ ತೊಳೆಯುವ ಮದ್ದನ್ನು ಮೈಗೆ ಹಚ್ಚಿಕೊಂಡಿದ್ದರು. ನೂರಕ್ಕೆ ನಾಲ್ವರು ಅಂಥ ಮದ್ದನ್ನು ನೀರಿನಲ್ಲಿ ಬೆರಸಿ ಕುಡಿದಿದ್ದರು ಇಲ್ಲವೆ ಬಾಯಿ ಮುಕ್ಕಳಿಸಿದ್ದರು. ಭಯವು ಬಂದಾಗ ಓದಿದವನೂ ಓದದವನೂ ಒಂದೇ. ಕೈಗೆ ಏನಾದರೂ ಕೆಲಸ ಸಿಕ್ಕಿದರೆ ಮನಸ್ಸಿಗೆ ಧೈರ್ಯವಾಗುವದು. ಮೂಗಿಗೆ ಘಾಟು ಬಡಿದರೆ ಮನೆ ಶುದ್ಧವಾಯಿತೆಂದು ತೋರುವದು. ಆದರೆ ವಾಸನೆಯು ಶುದ್ಧತೆಯ ಗುರುತಲ್ಲ.

ಇದಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದ ಸಂಗತಿ ಇನ್ನೊಂದುಂಟು. 2020ನೆಯ ಮಾರ್ಚ್ ಕೊನೆಯಲ್ಲಿ ಉತ್ತರ ಪ್ರದೇಶದ ಬರೇಲಿ ಪಟ್ಟಣದಲ್ಲಿ, ಊರಿಗೆ ಹಿಂದಿರುಗುತ್ತಿದ್ದ ಕೂಲಿಯವರನ್ನು, ಹೆಂಗಸರು ಮಕ್ಕಳ ಸಹಿತವಾಗಿ, ಬೀದಿಯಲ್ಲಿ ಕುಳ್ಳಿರಿಸಿ ಅವರ ಮೇಲೆ ಸೋಂಕುನಾಶಕವನ್ನು ಎರಚಿದರು. ಇದನ್ನು ಕಂಡು ದೇಶವೆಲ್ಲಾ ಮರುಗಿತು. ಕೇಂದ್ರ ಸರಕಾರದ ಆರೋಗ್ಯ ಇಲಾಖೆಯವರು ಏಪ್ರಿಲ್ 18ರಂದು, ಮನುಷ್ಯರ ಮೇಲೆ ಇಂಥ ಮದ್ದನ್ನು ಎಂಥ ಸಂದರ್ಭದಲ್ಲಿಯೂ ಸಿಂಪಡಿಸಬಾರದು, ಅದು ದೇಹಕ್ಕೂ ಮನಸ್ಸಿಗೂ ಹಾನಿಕರವೆಂದು ತಿಳಿಸಿದರು. ಕಾರಣವು ಸುಲಭವಾದದ್ದೇ. ರೋಗವಿರುವವನ ಎದೆಯೊಳಗೆ ರೋಗಾಣುವಿರುವದು. ಹೊರಗಿನ ಅಂಗಿಯನ್ನು ತೋಯಿಸಿದರೆ ಒಳಗಿನದು ಸಾಯುವದೇ? ಉಸಿರು ನಿಲ್ಲುವದೇ?

ಹಾಗಾದರೆ ಜನರು ಯಾಕೆ ಹೀಗೆ ಮಾಡಿದರು? ನಮ್ಮ ಸೀಮೆಯಲ್ಲಿ ಮಡಿ ಮೈಲಿಗೆಗಳ ಎಣಿಕೆಯು ಬಹು ಹಳೆಯದು. ನೀರು ಚಿಮುಕಿಸಿ ಮನುಷ್ಯನನ್ನು ಒಳಗೆ ಸೇರಿಸುವದು, ಇಲ್ಲವೆ ಹೊರಗೆ ನಿಲ್ಲಿಸುವದು ನಮ್ಮ ಬೀದಿಗಳಿಗೆ ಹೊಸದಲ್ಲ. ಈ ಪತ್ರಿಕೆಯ ವಾಚಕರಲ್ಲಿ ಅನೇಕರ ಅಜ್ಜಂದಿರು ಬಾವಿಯಿಂದ ದೂರ ನಿಂತವರು, ತಾವು ಮುಟ್ಟಿದ ಸ್ಥಳವನ್ನು ಬೇರೊಬ್ಬರು ತೊಳೆಯುವದನ್ನು ಕಣ್ಣಾರೆ ಕಂಡವರು. ಬಾಗಿಲ ಕಲ್ಲಿನ ಮೇಲೆ ಕೂತು ಆ ಮಗನು ಕೇಳಿದ ಮಾತು ಅವರ ಮಾತೇ ಆಗಿದೆ. ಅಂಥವರ ಮಕ್ಕಳಾದ ನಾವು ಬ್ಲೀಚಿಂಗ್ ಪುಡಿಯನ್ನು ಕೈಯಲ್ಲಿ ಹಿಡಿದು ಅದೇ ಕೆಲಸವನ್ನು ಮಾಡಿದೆವಾದರೆ, ಹಳೇ ಮೈಲಿಗೆಗೆ ಹೊಸ ಹೆಸರು ಕೊಟ್ಟಂತಾಯಿತಲ್ಲವೇ?

ಮುಂಬಯಿಯಿಂದ ಬಂದವನನ್ನು ಸ್ವಲ್ಪ ದಿನ ಪ್ರತ್ಯೇಕವಾಗಿ ಇರಿಸಿದ್ದು ತಪ್ಪಲ್ಲ. ಅದು ರೋಗದ ದಾರಿಯನ್ನು ಕಟ್ಟುವ ಸರಿಯಾದ ಉಪಾಯ. ಆದರೆ ಪ್ರತ್ಯೇಕವಾಗಿರಿಸುವದು ಬೇರೆ, ತಳ್ಳಿಬಿಡುವದು ಬೇರೆ. ಬೇರೆ ಕೋಣೆ, ತೆರೆದ ಕಿಟಕಿ, ಮುಖಕ್ಕೆ ಬಟ್ಟೆ, ಕೈಗೆ ಸಾಬೂನು, ಹೊತ್ತಿಗೆ ಸರಿಯಾಗಿ ಬಿಸಿ ಊಟ, ಬಾಗಿಲಾಚೆಯಿಂದ ಎರಡು ಒಳ್ಳೇ ಮಾತು ಇವೇ ಅವನಿಗೂ ಮನೆಯವರಿಗೂ ತಕ್ಕ ಮದ್ದುಗಳಾಗಿದ್ದವು. 2021ನೆಯ ಜನವರಿ 16ರಿಂದ ಲಸಿಕೆಯೂ ಬಂದಿತು.

7. ಸಮಾಪ್ತಿ

ಮದ್ದುಗಳನ್ನು ಮನೆಯಿಂದ ಹೊರಗೆ ಬಿಸಾಡಿರೆಂದು ನಾವು ಹೇಳುವದಿಲ್ಲ. ವಾಂತಿಭೇದಿ ಬಂದ ಮನೆಯಲ್ಲಿ, ಕಾವೇರಿಯು ಉಕ್ಕಿ ಬಾವಿಯಲ್ಲಿ ಕೆಸರು ನುಗ್ಗಿದಾಗ, ಕಕ್ಕಸನ್ನು ತೊಳೆಯುವಾಗ ಬ್ಲೀಚಿಂಗ್ ಪುಡಿಯು ಪ್ರಾಣವನ್ನು ಉಳಿಸುವ ಪದಾರ್ಥವಾಗಿದೆ. ಪ್ರತಿಯೊಂದಕ್ಕೂ ಅದರದರ ಸ್ಥಳವುಂಟು. ನೆಲಕ್ಕೆ ಮದ್ದು, ಕೈಗೆ ಸಾಬೂನು, ಉಸಿರಿಗೆ ಗಾಳಿ, ಮನುಷ್ಯನಿಗೆ ಮರ್ಯಾದೆ ಎಂಬ ಈ ನಾಲ್ಕು ಮಾತುಗಳನ್ನು ಮಕ್ಕಳಿಗೆ ಬಾಯಿಪಾಠಮಾಡಿಸಿರಿ. ಇನ್ನೊಂದು ವ್ಯಾಧಿಯು ಯಾವಾಗ ಬರುವದೋ ನಮಗೆ ತಿಳಿಯದು. ಬಂದಾಗ ಅದರ ದಾರಿಯು ಬೇರೆಯಾಗಿರಬಹುದು. ಆಗಲೂ ಮೊದಲು ದಾರಿಯನ್ನು ವಿಚಾರಿಸೋಣ, ತರುವಾಯ ಸೀಸೆಯನ್ನು ತೆಗೆಯೋಣ.

ಆ ತಾಯಿ ಈಗಲೂ ಮನೆಯ ಮುಂದಿನ ಕಲ್ಲಿನ ಬಳಿ ಒಂದು ಬಿಂದಿಗೆ ನೀರನ್ನೂ ಒಂದು ಸಾಬೂನನ್ನೂ ಇಟ್ಟಿರುತ್ತಾಳೆ. ಬಂದವರು ಯಾರಾದರೂ ಸರಿಯೇ, ಕೈ ತೊಳೆದುಕೊಳ್ಳುವದಕ್ಕೆ ತಾನೇ ನೀರು ಹಾಕಿ ಒಳಕ್ಕೆ ಕರೆಯುತ್ತಾಳೆ.

ಭಾನುವಾರ ಸಾಯಂಕಾಲದ ಕೂಟದಲ್ಲಿ ವಿಚಾರಿಸಬೇಕಾದ ಪ್ರಶ್ನೆಗಳು

1. ಮಲೇರಿಯ, ಪ್ಲೇಗು, ಕೊರೋನ ಈ ಮೂರು ರೋಗಗಳ ದಾರಿಗಳು ಯಾವವು? ಪ್ರತಿಯೊಂದರಲ್ಲಿಯೂ ಜನರು ಮೊದಲು ಎಲ್ಲಿ ತಪ್ಪಿದರು?

2. ತೊಳೆಯದೆ ಬ್ಲೀಚಿಂಗ್ ನೀರನ್ನು ಹಾಕಿದರೆ ಯಾಕೆ ಪ್ರಯೋಜನವಿಲ್ಲ?

3. ಒಂದು ಬಕೀಟಿನ ನೀರಿಗೆ ಎಷ್ಟು ಪುಡಿ ಹಾಕಬೇಕು? ನಿಮ್ಮ ಮನೆಯ ಚಮಚದಲ್ಲಿ ಅದು ಎಷ್ಟಾಗುವದೆಂದು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಗೊತ್ತುಮಾಡಿಕೊಳ್ಳಿರಿ.

4. ನಿಮ್ಮ ಮನೆಯಲ್ಲಿ ಕುಡಿಯುವ ಪದಾರ್ಥದ ಬಾಟಲಿಯಲ್ಲಿ ತುಂಬಿಟ್ಟ ಮದ್ದು ಇದೆಯೇ? ಈ ರಾತ್ರಿಯೇ ನೋಡಿರಿ.

5. ನಿಮ್ಮ ಬೀದಿಯಲ್ಲಿ ಆ ದಿನಗಳಲ್ಲಿ ಹೊರಗೆ ನಿಲ್ಲಿಸಲ್ಪಟ್ಟವರು ಯಾರು? ಅವರೊಡನೆ ಆಮೇಲೆ ಯಾರಾದರೂ ಆ ವಿಷಯವನ್ನು ಮಾತನಾಡಿದ್ದುಂಟೇ?